ಹಚ್ಚು: ಕೊಪ್ಪಳ ಸೀಮೆಯ ಹಲವು ಅರ್ಥಗಳ ಕ್ರಿಯಾಪದ

‘ಹಚ್ಚು’ ಎಂದರೆ ಹೊತ್ತಿಸು, ಬಳಿ ಎಂಬ ಅರ್ಥಗಳು ಕನ್ನಡ ನಾಡಿಗೆಲ್ಲ ಗೊತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಆಡುಮಾತಿನಲ್ಲಿ ಇದೇ ಕ್ರಿಯಾಪದ ಗದ್ದೆಯಿಂದ ಮೊಬೈಲಿನವರೆಗೆ ದುಡಿಯುತ್ತದೆ. ಉತ್ತರ ಕರ್ನಾಟಕದ ಉಳಿದೆಡೆಯೂ ಈ ಬಳಕೆಗಳು ಉಂಟು. 

ಮೂಲ ಅರ್ಥ

ಒಂದನ್ನು ಇನ್ನೊಂದಕ್ಕೆ ತಾಗಿಸಿ, ಅದು ಅಲ್ಲೇ ಹಿಡಿದುಕೊಳ್ಳುವಂತೆ ಮಾಡುವುದು ‘ಹಚ್ಚು’ವಿನ ತಿರುಳು. ತಲೆಗೆ ಎಣ್ಣೆ, ಗೋಡೆಗೆ ಸುಣ್ಣ, ಬತ್ತಿಗೆ ಕಿಡಿ, ಎಲ್ಲವನ್ನೂ ಹಚ್ಚುತ್ತಾರೆ. ತಾನಾಗಿಯೇ ತಾಗುವುದಕ್ಕೆ ‘ಹತ್ತು’ ಎನ್ನುತ್ತಾರೆ. ಹಳಗನ್ನಡದಲ್ಲಿ ಇದು ‘ಪತ್ತು’. ಬೆಂಕಿ ಹಚ್ಚಿದರೆ ಹತ್ತುತ್ತದೆ.

ಹೊಲ-ಗದ್ದೆಯಲ್ಲಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯಲ್ಲಿ ಭತ್ತದ ನಾಟಿಗೆ ‘ನೆಲ್ಲು ಹಚ್ಚೋದು’ ಎನ್ನುತ್ತಾರೆ. ಕುಷ್ಟಗಿಯ ತೋಟಗಳಲ್ಲಿ ದಾಳಿಂಬೆ ಗಿಡ ಹಚ್ಚುತ್ತಾರೆ. ಯಲಬುರ್ಗಾದ ಎರೆಹೊಲದ ಜೋಳಕ್ಕೆ ಮಾತ್ರ ಈ ಮಾತು ಸಲ್ಲದು, ಅದನ್ನು ಬಿತ್ತುತ್ತಾರೆ. ಸಸಿಯಾದರೆ ಹಚ್ಚು, ಬೀಜವಾದರೆ ಬಿತ್ತು. ಕೂಲಿಯವರನ್ನು ಕೆಲಸಕ್ಕೆ ಕರೆಸಿದರೆ ‘ಆಳು ಹಚ್ಚೀವಿ’; ಯಂತ್ರ ತರಿಸಿದರೆ ‘ಜೆಸಿಬಿ ಹಚ್ಚೀವಿ’.

ಮನೆ, ಪ್ಯಾಟಿಯಲ್ಲಿ

ಮಗುವನ್ನು ಸಾಲಿಗೆ ಹಚ್ಚುತ್ತಾರೆ, ಅಂದರೆ ಶಾಲೆಗೆ ಸೇರಿಸುತ್ತಾರೆ. ಟಿವಿ ಹಚ್ಚುತ್ತಾರೆ, ಫೋನ್ ಹಚ್ಚುತ್ತಾರೆ. ಕರೆ ಸಿಗದಿದ್ದರೆ ‘ಫೋನ್ ಹತ್ತವಲ್ದು’. ‘ಏನ್ ರೇಟ್ ಹಚ್ಚಿದಿ?’ ಎಂಬುದು ಮಾರುವವನಿಗೆ ಕೇಳುವ ಪ್ರಶ್ನೆ, ‘ಎಷ್ಟ್ ಹತ್ತಿತು?’ ಎಂಬುದು ಕೊಂಡು ತಂದವನಿಗೆ. ಇದ್ದದ್ದನ್ನು ಉಬ್ಬಿಸುವವನು ‘ಒಂದಕ್ಕ ಎರಡ ಹಚ್ಚಿ’ ಹೇಳುತ್ತಾನೆ.

ವ್ಯಾಕರಣದ ಕೆಲಸ

ಇನ್ನೊಂದು ಕ್ರಿಯಾಪದದ ಬೆನ್ನಿಗೆ ನಿಂತಾಗ ‘ಹಚ್ಚು’, ‘ಹತ್ತು’ ಎರಡೂ ತಮ್ಮ ಸ್ವಂತ ಅರ್ಥ ಬಿಟ್ಟುಕೊಡುತ್ತವೆ. ‘ನಗಾಕ ಹಚ್ಚಿದ’ ಎಂದರೆ ನಗಿಸಿದ. ಇಲ್ಲಿ ‘ಹಚ್ಚು’ ಪ್ರೇರಣಾರ್ಥಕ ‘-ಇಸು’ ಪ್ರತ್ಯಯದ ಕೆಲಸ ಮಾಡಿದೆ. ‘ಬರಾಕ ಹತ್ಯಾನ’ ಎಂಬುದು ಬೆಸೆದು ‘ಬರಾಕತ್ಯಾನ’ ಆಗಿದೆ. ಬರುತ್ತಿದ್ದಾನೆ ಎಂಬುದೇ ಇದರ ಅರ್ಥ; ‘ಹತ್ತು’ ಇಲ್ಲಿ ನಡೆಯುತ್ತಿರುವ ಕ್ರಿಯೆಯ ಗುರುತಾಗಿ ಉಳಿದಿದೆ.

ಇಂಗ್ಲಿಷಿನ ‘ಸೆಟ್’

ಹೀಗೆ ಹಲವು ಅರ್ಥ ಹೊರುವ ಪದ ಇಂಗ್ಲಿಷಿನಲ್ಲೂ ಇದೆ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘ ನಮೂದು ‘ಸೆಟ್’ ಪದದ್ದು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದ 645 ಅರ್ಥಗಳೊಂದಿಗೆ ಅದನ್ನು ಹಿಂದಿಕ್ಕಿತು. ಬೆಂಕಿ ಇಡುವುದಕ್ಕೂ ಆಳನ್ನು ಕೆಲಸಕ್ಕೆ ತೊಡಗಿಸುವುದಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ಸಾಕು, ಇಲ್ಲಿ ‘ಹಚ್ಚು’ ಸಾಕು. ವ್ಯತ್ಯಾಸವೂ ಇದೆ. ಸಿಮೆಂಟು ತಾನೇ ಗಟ್ಟಿಯಾದರೂ ‘ಸೆಟ್’, ಯಾರಾದರೂ ಕಲ್ಲು ಕೂರಿಸಿದರೂ ‘ಸೆಟ್’. ಕನ್ನಡದ ‘ಹತ್ತು’-‘ಹಚ್ಚು’ ಜೋಡಿ ತಾನಾಗಿ ಆದದ್ದನ್ನೂ ಬೇರೆಯವರು ಮಾಡಿದ್ದನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಹಾಗಾಗಿ ಜಗಳ ಹತ್ತಿತೋ, ಯಾರಾದರೂ ಹಚ್ಚಿದರೋ ಎಂಬುದು ಕ್ರಿಯಾಪದದಲ್ಲೇ ತಿಳಿದುಹೋಗುತ್ತದೆ.