ಹಿಮನದಿಯ ನಡಿಗೆಯನ್ನು ಅಳೆದ ಗೂಟಗಳು

ಹಿಮನದಿ ಚಲಿಸುತ್ತದೆ ಎಂಬುದು ಆಲ್ಪ್ಸ್ ಪರ್ವತದ ಹಳ್ಳಿಗರಿಗೆ ಗೊತ್ತಿದ್ದ ಸಂಗತಿ. ಎಷ್ಟು ಚಲಿಸುತ್ತದೆ ಎಂಬ ಲೆಕ್ಕಕ್ಕೆ ಆಧಾರವಾದದ್ದು ಒಂದು ಗುಡಿಸಲು. 1827ರಲ್ಲಿ ಸ್ವಿಟ್ಜರ್‌ಲೆಂಡಿನ ಫ್ರಾನ್ಜ್ ಯೋಸೆಫ್ ಹೂಗಿ ಅದನ್ನು ಉಂಟರಾರ್ ಹಿಮನದಿಯ ಮೇಲೆ ಕಟ್ಟಿಸಿದ. ಮೂರು ವರ್ಷ ಕಳೆಯುವಷ್ಟರಲ್ಲಿ ಗುಡಿಸಲು 330 ಅಡಿ ಕೆಳಗೆ ಸರಿದಿತ್ತು. 1841ರಲ್ಲಿ ಸ್ವಿಟ್ಜರ್‌ಲೆಂಡಿನ ಪ್ರಕೃತಿವಿಜ್ಞಾನಿ ಲೂಯಿ ಅಗಾಸಿ ನೋಡಿದಾಗ ಅದು ಮೊದಲ ಜಾಗದಿಂದ 4,712 ಅಡಿ ದೂರದಲ್ಲಿತ್ತು.

ಗುಡಿಸಲು ಹೇಳಿದ್ದು ಒಂದು ಜಾಗದ ಕಥೆಯನ್ನು ಮಾತ್ರ. ಹಿಮನದಿಯ ಇಡೀ ಮೈ ಒಂದೇ ವೇಗದಲ್ಲಿ ಸಾಗುತ್ತದೆಯೇ? ಅಗಾಸಿ ಈ ದಡದಿಂದ ಆ ದಡದವರೆಗೆ ಸಾಲಾಗಿ ಆರು ಗೂಟಗಳನ್ನು ನೆಡಿಸಿದ. ಮರುವರ್ಷ ಹೋಗಿ ಅಳೆದರೆ ಅವು ಕ್ರಮವಾಗಿ 160, 225, 269, 245, 210, 125 ಅಡಿ ಮುಂದೆ ಸಾಗಿದ್ದವು. ಅಂಚಿನ ಮಂಜುಗಡ್ಡೆಯನ್ನು ಬಂಡೆ ತಡೆಯುತ್ತದೆ, ನಡುವಿನದು ಹೊಳೆಯ ನೀರಿನಂತೆ ಬೇಗ ಹರಿಯುತ್ತದೆ. ಆರೇ ಅಂಕಿಗಳಲ್ಲಿ ಇಷ್ಟನ್ನು ತೋರಿಸಿಕೊಟ್ಟ ಈ ಅಳತೆಯಷ್ಟು ಸರಳ, ಸುಂದರ ಪ್ರಯೋಗ ಭೂವಿಜ್ಞಾನದಲ್ಲಿ ಅಪರೂಪ.

1842ರಲ್ಲಿ ಸ್ಕಾಟ್‌ಲೆಂಡಿನ ಜೇಮ್ಸ್ ಫೋರ್ಬ್ಸ್ ಫ್ರಾನ್ಸಿನ ಮೇರ್ ದ ಗ್ಲಾಸ್ ಹಿಮನದಿಗೆ ಕೋನಗಳನ್ನು ನಿಖರವಾಗಿ ಅಳೆಯುವ ಥಿಯೊಡೊಲೈಟ್ ತಂದ. ವರ್ಷ ಕಾಯಬೇಕಿದ್ದ ಅಳತೆ ಈಗ ದಿನಗಳಲ್ಲಿ, ಗಂಟೆಗಳಲ್ಲಿ ಸಿಕ್ಕಿತು. ಹಿಮನದಿ ಹಗಲಿರುಳೂ ನಿಲ್ಲದೆ ಸಾಗುತ್ತದೆ ಎಂದು ತಿಳಿಯಿತು. 1820ರಲ್ಲಿ ಮಾಂಟ್ ಬ್ಲಾಂಕ್ ಏರುವಾಗ ಮೂವರು ಮಾರ್ಗದರ್ಶಕರು ಹಿಮದ ಬಿರುಕಿಗೆ ಬಿದ್ದು ಕಾಣೆಯಾಗಿದ್ದರು. ಹಿಮನದಿಯ ವೇಗವನ್ನು ಆಧರಿಸಿ, ಸುಮಾರು ನಲವತ್ತು ವರ್ಷಕ್ಕೆ ಅವರ ಅವಶೇಷ ಕೆಳಗೆ ಹೊರಬರಬಹುದು ಎಂದು ಫೋರ್ಬ್ಸ್ ಲೆಕ್ಕ ಹಾಕಿದ. 1861ರಲ್ಲಿ ಬೊಸ್ಸೋನ್ ಹಿಮನದಿಯ ಕೆಳತುದಿಯಲ್ಲಿ ಅವು ಸಿಕ್ಕವು. ಗೆಳೆಯರನ್ನು ಕಳೆದುಕೊಂಡವರಿಗೆ ಆ ಲೆಕ್ಕ ಬರಿಯ ಗಣಿತವಾಗಿರಲಿಲ್ಲ.

ವೇಗ ಸಿಕ್ಕರೂ ಹಿಮನದಿಯ ದಪ್ಪ ಸುಲಭಕ್ಕೆ ಸಿಗಲಿಲ್ಲ. ಅಗಾಸಿಯ ಬೈರಿಗೆ ಸುಮಾರು 60 ಮೀಟರ್ ಇಳಿದರೂ ತಳ ಮುಟ್ಟಲಿಲ್ಲ. 1926ರಲ್ಲಿ ಹಾನ್ಸ್ ಮೋಥೆಸ್ ಆಸ್ಟ್ರಿಯಾದ ಹಿನ್ಟರೈಸ್ ಹಿಮನದಿಯ ಮೇಲೆ ಸಿಡಿಮದ್ದು ಸಿಡಿಸಿ, ತಳದ ಬಂಡೆಗೆ ತಾಗಿ ಹಿಂತಿರುಗಿದ ಅಲೆಗಳ ಸಮಯದಿಂದ ಆಳ ಕಂಡುಕೊಂಡ. ಮುಂದೆ ರೇಡಾರ್ ಬಂತು. ಹಿಮಾಲಯದ ಕಡಿದಾದ ಕಣಿವೆಗಳಿಗೆ ಉಪಕರಣ ಹೊತ್ತೊಯ್ಯುವುದು ಕಷ್ಟ. ಹಾಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉಪಗ್ರಹ ಚಿತ್ರಗಳಿಂದ ಗಂಗೋತ್ರಿ ಹಿಮನದಿಯ ಮೇಲ್ಮೈ ವೇಗವನ್ನು ತಿಳಿದು, ಇಳಿಜಾರಿನೊಂದಿಗೆ ಸೇರಿಸಿ ದಪ್ಪವನ್ನು ಅಂದಾಜಿಸಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ಅಲ್ಲಿರುವ ಮಂಜುಗಡ್ಡೆ ಸುಮಾರು 23 ಘನ ಕಿಲೋಮೀಟರ್.

ಕರಗಿದ್ದೆಷ್ಟು ಎಂಬುದಕ್ಕೆ ಹಿಮನದಿಯ ತುದಿ ಹಿಂದೆ ಸರಿದ ಅಂತರವೊಂದೇ ಸಾಲದು. ತುದಿ ಇದ್ದಲ್ಲೇ ಇರುವಾಗಲೂ ಮೈ ತೆಳುವಾಗುತ್ತಿರಬಹುದು. ಆದ್ದರಿಂದ ಗೂಟವನ್ನು ಮಂಜುಗಡ್ಡೆಯೊಳಗೆ ಇಳಿಸಿ, ಬೇಸಿಗೆಯ ಕೊನೆಗೆ ಅದು ಎಷ್ಟು ಹೊರಚಾಚಿದೆ ಎಂದು ನೋಡುತ್ತಾರೆ. ಚಳಿಗಾಲದ ಹಿಮವನ್ನು ಗುಂಡಿ ತೋಡಿ ತೂಗಿ, ಗಳಿಸಿದ್ದು, ಕಳೆದುಕೊಂಡದ್ದು ಎರಡನ್ನೂ ನೀರಿನ ಲೆಕ್ಕಕ್ಕೆ ತರುತ್ತಾರೆ. ಸ್ವಿಟ್ಜರ್‌ಲೆಂಡಿನ ಕ್ಲಾರಿಡೆನ್‌ನಲ್ಲಿ ಈ ಕೆಲಸ 1914ರಿಂದ ನಡೆದಿದೆ. ಸ್ವೀಡನ್ನಿನ ಸ್ಟೂರ್‌ಗ್ಲಾಸಿಯಾರೆನ್‌ನಲ್ಲಿ ಇಡೀ ಹಿಮನದಿಯ ಲೆಕ್ಕ 1946ರಿಂದ ಇದೆ. ಉಪಗ್ರಹದ ಅಂಕಿಗಳನ್ನು ಒರೆಗೆ ಹಚ್ಚುವುದೂ ಇಂಥ ಗೂಟಗಳಿಗೇ. 2022 ಮತ್ತು 2023, ಎರಡೇ ವರ್ಷಗಳಲ್ಲಿ ಸ್ವಿಟ್ಜರ್‌ಲೆಂಡಿನ ಹಿಮನದಿಗಳು ಉಳಿದಿದ್ದ ಮಂಜುಗಡ್ಡೆಯಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನು ಕಳೆದುಕೊಂಡವು.