ಕೋಟಾ ಫ್ಯಾಕ್ಟರಿ

ಕೋಟಾ ಫ್ಯಾಕ್ಟರಿ ಹಿಂದಿ ಭಾಷೆಯ ಒಂದು ಜಾಲಸರಣಿ. ಸೌರಭ್ ಖನ್ನಾ ಇದರ ಸೃಷ್ಟಿಕರ್ತರು. ದಿ ವೈರಲ್ ಫೀವರ್ (ಟಿವಿಎಫ್) ಸಂಸ್ಥೆ ನಿರ್ಮಿಸಿದ ಈ ಸರಣಿಯ ಮೊದಲ ಆವೃತ್ತಿಯು ೨೦೧೯ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ಮೂಲಕ ಬಿಡುಗಡೆಯಾಯಿತು. ೨೦೨೧ ಮತ್ತು ೨೦೨೪ರ ಆವೃತ್ತಿಗಳು ನೆಟ್‌ಫ್ಲಿಕ್ಸ್‌ನಲ್ಲಿ ಪ್ರಸಾರವಾದವು. ಪ್ರತಿ ಆವೃತ್ತಿಯಲ್ಲಿಯೂ ಐದು ಕಂತುಗಳಿವೆ.

ಹಿನ್ನೆಲೆ
ರಾಜಸ್ಥಾನದ ಚಂಬಲ್ ನದಿಯ ದಡದಲ್ಲಿರುವ ಕೋಟಾ ನಗರವು ಜೆಇಇ ಹಾಗೂ ನೀಟ್ ಪ್ರವೇಶ ಪರೀಕ್ಷೆಗಳ ತರಬೇತಿಗೆ ಹೆಸರಾಗಿದೆ. ದೇಶದ ನಾನಾ ಭಾಗಗಳಿಂದ ಬರುವ ಹದಿಹರೆಯದವರು ಮನೆಯವರಿಂದ ದೂರವಿದ್ದು ಇಲ್ಲಿ ಸಿದ್ಧತೆ ನಡೆಸುತ್ತಾರೆ. ಕಾರ್ಖಾನೆ ಎಂಬರ್ಥದ ಶೀರ್ಷಿಕೆಯು ಈ ವ್ಯವಸ್ಥೆಯನ್ನೇ ಸೂಚಿಸುತ್ತದೆ.

ಕಥಾವಸ್ತು
ಮಧ್ಯಪ್ರದೇಶದ ಇಟಾರ್ಸಿಯ ವೈಭವ್ ಪಾಂಡೆ ಐಐಟಿ ಸೇರುವ ಆಸೆಯಿಂದ ಕೋಟಾಕ್ಕೆ ಬರುತ್ತಾನೆ. ಒಂಟಿತನ, ಸ್ಪರ್ಧೆ ಮತ್ತು ಸೋಲಿನ ಭಯಗಳ ನಡುವೆ ಮೀನಾ, ಉದಯ್ ಎಂಬ ಗೆಳೆಯರು ಅವನಿಗೆ ಆಸರೆಯಾಗುತ್ತಾರೆ. ಭೌತಶಾಸ್ತ್ರದ ಶಿಕ್ಷಕ ಜೀತು ಭಯ್ಯಾ ಅಂಕಗಳಾಚೆಗಿನ ಬದುಕಿನ ಬಗೆಗೂ ಮಾರ್ಗದರ್ಶನ ನೀಡುತ್ತಾರೆ. ಎರಡನೆಯ ಆವೃತ್ತಿಯ ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬಳ ಆತ್ಮಹತ್ಯೆ ಅವರನ್ನು ಕುಗ್ಗಿಸುತ್ತದೆ. ಮೂರನೆಯ ಆವೃತ್ತಿಯು, ವಿದ್ಯಾರ್ಥಿಗಳಿಗೆ ಧೈರ್ಯ ತುಂಬುವ ಶಿಕ್ಷಕನಿಗೂ ಮನೋವೈದ್ಯಕೀಯ ನೆರವು ಬೇಕಾಗಬಹುದೆಂಬುದನ್ನು ನಿರೂಪಿಸುತ್ತದೆ.

ಪಾತ್ರವರ್ಗ
ಮಯೂರ್ ಮೋರೆ – ವೈಭವ್ ಪಾಂಡೆ
ಜಿತೇಂದ್ರ ಕುಮಾರ್ – ಜೀತು ಭಯ್ಯಾ
ರಂಜನ್ ರಾಜ್ – ಬಾಲಮುಕುಂದ್ ಮೀನಾ
ಆಲಂ ಖಾನ್ – ಉದಯ್ ಗುಪ್ತಾ
ಅಹಸಾಸ್ ಚನ್ನಾ – ಶಿವಾಂಗಿ
ರೇವತಿ ಪಿಳ್ಳೈ – ವರ್ತಿಕಾ

ನಿರ್ಮಾಣ
ಮೊದಲೆರಡು ಆವೃತ್ತಿಗಳನ್ನು ರಾಘವ್ ಸುಬ್ಬು, ಮೂರನೆಯದನ್ನು ಪ್ರತೀಶ್ ಮೆಹ್ತಾ ನಿರ್ದೇಶಿಸಿದ್ದಾರೆ. ಸರಣಿಯ ಬಹುಭಾಗ ಕಪ್ಪು-ಬಿಳುಪಿನಲ್ಲಿದ್ದು, ವಿದ್ಯಾರ್ಥಿಗಳ ಏಕತಾನದ ದಿನಚರಿಯನ್ನು ಬಿಂಬಿಸುತ್ತದೆ. ಜೀತು ಭಯ್ಯಾ ಪಾತ್ರಧಾರಿ ಜಿತೇಂದ್ರ ಕುಮಾರ್ ಸ್ವತಃ ಐಐಟಿ ಖರಗ್‌ಪುರದ ಪದವೀಧರರು.