ಮುಖ ಮಾತ್ರ ಉಳಿದ ಬೀದಿ

ಗೆಳೆಯರೇ, ಒಂದು ಪ್ರಶ್ನೆ ಕೇಳ್ತೀನಿ. ಬಡವರ ಅಂಗಡಿ-ಮನೆಗಳನ್ನ ಕೆಡವಿ, ಬೀದಿ ಕಡೆಯ ಗೋಡೆಯನ್ನಷ್ಟೇ ಬಿಚ್ಚಿ ತಂದು ಕಾರು ನಿಲ್ಲಿಸೋ ಕಟ್ಟಡದ ಮುಂದೆ ಜೋಡಿಸಿದ್ರೆ, ಅದನ್ನ ಇತಿಹಾಸ ಉಳಿಸೋದು ಅಂತೀರಾ?

ಅಮೆರಿಕದ ಶಿಕಾಗೋದಲ್ಲಿ ಹೀಗೆ ಆಗಿದೆ. ಮಾಡಿಸಿದ್ದು ಒಂದು ಸರ್ಕಾರಿ ವಿಶ್ವವಿದ್ಯಾಲಯ.

ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಓದೋಕೆ ಜಾಗ ಬೇಕಿತ್ತು. 1946ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಶಿಕಾಗೋದ ನೇವಿ ಪಿಯರ್ ಅನ್ನೋ ಹಡಗುಕಟ್ಟೆಯಲ್ಲಿ ಎರಡು ವರ್ಷದ ಕೋರ್ಸು ಶುರು ಮಾಡಿತು. ಅಲ್ಲಿಗೆ ಬರ್ತಿದ್ದವರಲ್ಲಿ ಕಾರ್ಮಿಕರ ಮಕ್ಕಳೇ ಹೆಚ್ಚು. ಡಿಗ್ರಿ ಮುಗಿಸೋಕೆ 200 ಕಿಲೋಮೀಟರಿಗೂ ದೂರದ ಅರ್ಬಾನಾಕ್ಕೆ ಹೋಗಬೇಕು. ಊರಲ್ಲೇ ಪೂರ್ತಿ ಡಿಗ್ರಿ ಕೊಡಿ ಅನ್ನೋ ಅವರ ಬೇಡಿಕೆ ನ್ಯಾಯವಾದದ್ದು. ನಾವೂ ತಾಲ್ಲೂಕಿಗೊಂದು ಕಾಲೇಜು ಕೊಡಿ ಅಂತ ಧರಣಿ ಕೂತವರೇ ಅಲ್ವಾ.

ಆದ್ರೆ ಕ್ಯಾಂಪಸ್ ಎಲ್ಲಿ ಕಟ್ಟೋದು? ಗಾರ್ಫೀಲ್ಡ್ ಪಾರ್ಕ್ ನೋಡಿದ್ರು, ರೈಲ್ವೆ ಯಾರ್ಡು ನೋಡಿದ್ರು. ಯಾವುದೂ ಕೂಡಿ ಬರಲಿಲ್ಲ. ಕೊನೆಗೆ 1961ರಲ್ಲಿ ಮೇಯರ್ ರಿಚರ್ಡ್ ಡೇಲಿ ಬೆರಳು ತೋರಿಸಿದ್ದು ಹ್ಯಾರಿಸನ್-ಹಾಲ್‌ಸ್ಟೆಡ್ ಕಡೆಗೆ. ಇಟಾಲಿಯನ್ನರು, ಗ್ರೀಕರು, ಮೆಕ್ಸಿಕನ್ನರು ಕೂಡಿ ಬಾಳ್ತಿದ್ದ ಕೇರಿ ಅದು. 'ಸ್ಲಂ' ಅಂತ ಗುರುತಿಸಿ, ತೆರವು ಮಾಡಿ ಹೊಸ ಮನೆ ಕಟ್ಟಿಸಿಕೊಡ್ತೀವಿ ಅಂತ ಮೊದಲು ಅವರಿಗೆ ಹೇಳಿದ್ರು. ಜನ ನಂಬಿ ಆ ಯೋಜನೆಗೆ ಕೈಜೋಡಿಸಿದ್ರು. ಆಮೇಲೆ ಅದೇ ಜಾಗ ಕ್ಯಾಂಪಸ್ಸಿಗೆ ಹೋಯ್ತು.

ಎದುರು ನಿಂತವಳು ಫ್ಲಾರೆನ್ಸ್ ಸ್ಕಾಲಾ, ಒಬ್ಬ ಇಟಾಲಿಯನ್ ದರ್ಜಿಯ ಮಗಳು. ಹೆಂಗಸರನ್ನ ಕಟ್ಕೊಂಡು ಮೇಯರ್ ಕಚೇರಿಯಲ್ಲೇ ಧರಣಿ ಕೂತಳು. ಕೋರ್ಟಿಗೆ ಹೋದಳು. 1963ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲೂ ಮುಚ್ಚಿತು. ಸುಮಾರು 8,000 ಜನ, 630 ಅಂಗಡಿ-ವ್ಯಾಪಾರಗಳು ಎತ್ತಂಗಡಿ. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ವಲಸೆ ಬಂದ ಬಡವರಿಗಾಗಿ ಶುರು ಮಾಡಿದ್ದ ಹಲ್ ಹೌಸ್ ಕೂಡ ಉಳೀಲಿಲ್ಲ. 13 ಕಟ್ಟಡಗಳಲ್ಲಿ ಎರಡನ್ನ ಬಿಟ್ಟು ಮಿಕ್ಕವೆಲ್ಲ ನೆಲಸಮ. ಉಳಿದದ್ದು ಈಗ ಮ್ಯೂಸಿಯಂ.

1965ರಲ್ಲಿ ಕ್ಯಾಂಪಸ್ ತೆರೀತು. ಹೆಸರು 'ಶಿಕಾಗೋ ಸರ್ಕಲ್'. ಪಕ್ಕದ ಹೆದ್ದಾರಿಗಳು ಕೂಡೋ ಸರ್ಕಲ್ಲಿನ ಹೆಸರದು! ಸತ್ತ ಕೇರಿಯ ಹೆಸರಿಡಲಿಲ್ಲ, ರಸ್ತೆಯ ಹೆಸರಿಟ್ಟರು. ವಾಲ್ಟರ್ ನೆಟ್ಷ್ ಅನ್ನೋ ವಾಸ್ತುಶಿಲ್ಪಿ ಅದನ್ನ ಹೆಚ್ಚಾಗಿ ಕಾಂಕ್ರೀಟಿನಲ್ಲಿ ಕಟ್ಟಿಸಿದ. 28 ಅಂತಸ್ತಿನ ಗೋಪುರ, ಮೇಲೆ ಹೋದಂತೆ ಅಗಲ. ನೆಲ ಮುಟ್ಟದೆ ನಡೆಯೋಕೆ ಗ್ರಾನೈಟ್ ಹಾಸಿದ ಎತ್ತರದ ಕಾಲುದಾರಿಗಳು. ಮೊದಲ ಎರಡು ದಶಕ ಹಾಸ್ಟೆಲ್ ಇರಲಿಲ್ಲ. ಮನೆಯಿಂದ ಬಂದು ಹೋಗೋ ವಿದ್ಯಾರ್ಥಿಗಳಿಗೆ ಅಂತ ಅಂಚಿನ ತುಂಬಾ ಪಾರ್ಕಿಂಗ್ ಇತ್ತು. ಹಾಸ್ಟೆಲ್ಲಿನ ಅನ್ನ ಉಂಡು ಓದಿದ ನನಗೆ ಈ ಸಾಲು ಓದಿ ಹೊಟ್ಟೆ ಚುರುಕ್ ಅಂತು. ಮನುಷ್ಯರು ಮಲಗ್ತಿದ್ದ ಜಾಗ ಕಾರು ನಿಲ್ಲೋ ಜಾಗ ಆಗಿತ್ತು.

ಮುಂದಿನ ವಿಚಿತ್ರ ಕೇಳಿ. ಚಳಿಗಾಳಿ, ಕತ್ತಲು, ಸೋರಿಕೆ ಅಂತ ದೂರು ಹೆಚ್ಚಿ 1993ರಲ್ಲಿ ಆ ಕಾಲುದಾರಿಗಳನ್ನ ವಿಶ್ವವಿದ್ಯಾಲಯವೇ ಒಡೆಯೋಕೆ ಶುರು ಮಾಡಿತು. ಒಂದು ಕೇರಿಯನ್ನೇ ಬಲಿ ತಗೊಂಡ ಶೈಲಿ 30 ವರ್ಷವೂ ಬಾಳಲಿಲ್ಲ. ಕಾಲುದಾರಿ ಹೋಯ್ತು ಅಂತ ಮರುಗಿದವರು ಇದ್ದರು. ಅದು ಬರೋ ಮುಂಚೆ ಅಲ್ಲಿದ್ದ ಮನೆಗಳಿಗೆ ಎಷ್ಟು ಜನ ಮರುಗಿದ್ರು?

ಅಷ್ಟಕ್ಕೂ ಹಸಿವು ತೀರಲಿಲ್ಲ. ದಕ್ಷಿಣಕ್ಕೆ ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆ ಇತ್ತು. ಮೊದಲು ಯಹೂದಿ ವಲಸಿಗರದ್ದು. ಆಮೇಲೆ ದಕ್ಷಿಣದ ಹತ್ತಿ ಹೊಲಗಳಿಂದ, ಜಾತಿಯಷ್ಟೇ ಕ್ರೂರವಾದ ವರ್ಣಭೇದದಿಂದ ತಪ್ಪಿಸ್ಕೊಂಡು ಬಂದ ಕರಿಯರದ್ದೂ ಆಯ್ತು. ಬಂಡವಾಳ ಇಲ್ಲದವನೂ ಭಾನುವಾರ ಚಾಪೆ ಹಾಸಿ ವ್ಯಾಪಾರ ಮಾಡಬಹುದಿತ್ತು. ಅಕ್ಕಪಕ್ಕದ ಮನೆ-ಅಂಗಡಿಗಳಿಂದ ವೈರ್ ಎಳ್ಕೊಂಡು ಗಿಟಾರ್ ಮೊಳಗಿಸ್ತಿದ್ರು. ಮಡ್ಡಿ ವಾಟರ್ಸ್, ಲಿಟಲ್ ವಾಲ್ಟರ್ ಅಂಥವರು ನುಡಿಸಿದ ಬೀದಿ ಅದು. ಕ್ಯಾಂಪಸ್ ವಿಸ್ತರಣೆಗಾಗಿ 1994ರ ಆಗಸ್ಟ್‌ನಲ್ಲಿ ಸಂತೆಯನ್ನ ಅಲ್ಲಿಂದ ಎಬ್ಬಿಸಿದ್ರು, ಕೆನಾಲ್ ಸ್ಟ್ರೀಟಿಗೆ ಅಟ್ಟಿದ್ರು. ಉಳಿಸಿ ಅಂತ ಹೋರಾಡಿದವರಿಗೆ ಸಿಕ್ಕಿದ್ದು ಕೆಲವೇ ಕಟ್ಟಡ, ಮತ್ತೆ ಕೆಲವು ಮುಂಗೋಡೆ. ಆ ಮುಂಗೋಡೆಗಳು ಇವತ್ತು ಪಾರ್ಕಿಂಗ್ ಕಟ್ಟಡಕ್ಕೆ ಅಲಂಕಾರ.

ನಮಗೂ ಇದು ಹೊಸದೇನಲ್ಲ. ನಮ್ಮ ತಮಟೆ ಬೇಕು, ತಮಟೆ ಹೊಡೆಯೋನ ಮನೆ ಪಕ್ಕ ಬೇಡ. ಮುಖ ಬೇಕು, ಬದುಕು ಬೇಡ. ನಾನು ಓದಿದ ಊರಲ್ಲೂ ಕಾಂಪೌಂಡ್ ಎದ್ದಾಗ ಮೊದಲು ಎದ್ದು ಹೋದವರು ಗೇಟಿನ ಪಕ್ಕ ಚಪ್ಪಲಿ ಹೊಲೀತಿದ್ದ ಅಜ್ಜ, ಸಾಲಕ್ಕೆ ಇಡ್ಲಿ ಕೊಡ್ತಿದ್ದ ಅಕ್ಕ. ಅಲ್ಲೀಗ ಬೈಕ್ ಸ್ಟ್ಯಾಂಡ್ ಇದೆ.

ವಿಶ್ವವಿದ್ಯಾಲಯ ಬೇಡ ಅಂತ ನಾನು ಹೇಳ್ತಿಲ್ಲ. ಬಾಬಾಸಾಹೇಬರ ಮಕ್ಕಳು ಹಾಗೆ ಹೇಳೋಕಾಗುತ್ತಾ? ಶಿಕಾಗೋದ ಆ ಕ್ಯಾಂಪಸ್ಸಲ್ಲೂ ಸಾವಿರಾರು ಬಡ ಮಕ್ಕಳು ಓದಿ ಮೇಲೆ ಬಂದಿದ್ದಾರೆ, ಅದೂ ಸತ್ಯವೇ. ಆದ್ರೆ ಒಬ್ಬ ಬಡವನ ಮಗುವಿನ ಕ್ಲಾಸ್‌ರೂಮಿಗೆ ಇನ್ನೊಬ್ಬ ಬಡವನ ಅಡುಗೆಮನೆಯೇ ಯಾಕೆ ಬೇಕು? ರೈಲ್ವೆ ಕಂಪನಿಯ ಜಾಗ ಸಿಗಲ್ಲ, ಕೇರಿ ಮಾತ್ರ ಸಲೀಸಾಗಿ ಸಿಗುತ್ತೆ. ನನ್ನ ತಕರಾರು ಇಷ್ಟೇ.

ನಿಮ್ಮೂರಲ್ಲಿ ಹೊಸ ಕ್ಯಾಂಪಸ್ಸಿನ ನಕ್ಷೆ ಬಂದ್ರೆ, ಕಟ್ಟಡದ ಚಂದ ಆಮೇಲೆ ನೋಡಿ. ಮೊದಲು ಪಾರ್ಕಿಂಗ್ ಎಲ್ಲಿ ಗುರುತು ಮಾಡಿದ್ದಾರೆ ನೋಡಿ. ಆಮೇಲೆ ಆ ಜಾಗಕ್ಕೆ ಹೋಗಿ, ಇವತ್ತು ಅಲ್ಲಿ ಯಾರು ಒಲೆ ಹಚ್ಚಿದ್ದಾರೆ ಅಂತ ವಿಚಾರಿಸಿ.

ಜೈ ಭೀಮ್.